ಅಪ್ಪ ಇಲ್ಲದ ರವಿವಾರಗಳು

ಸೊಲ್ಲಾಪುರ,
೩ ಜುಲೈ ೧೯೯೬

ಅವ್ವನಿಗೆ ಶ್ರೀಲೇಖಾ ಮಾಡುವ ನಮಸ್ಕಾರ.

ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಹಾಸ್ಟೆಲ್ಲಿಗೆ ಬಂದ ದಿನವೇ ಖಾಲಿಯಾಯಿತು. ಹುಡುಗಿಯರು ಡಬ್ಬಿಯನ್ನೂ ಬಿಡಲಿಲ್ಲ. ಮುಂದಿನ ಸಲ ಖಾರ ಹೆಚ್ಚು ಹಾಕು, ಆಗಲಾದರೂ ನನಗೆ ಒಂದಿಷ್ಟು ಉಳಿದೀತು.

ಅಕ್ಕಲಕೋಟಕ್ಕೆ ಬಂದಾಗಲೆಲ್ಲ ನೀನು ಕೇಳುತ್ತೀ, "ದಿನಾ ಪೂರ್ತಿ ಆ ಪೆಟ್ಟಿಗಿ ಮುಂದ ಕುಂತು ಏನ ಮಾಡ್ತಿಯವ್ವಾ?" ಎಂದು. ಈ ಸಲ ಹೇಳಿಯೇಬಿಡುತ್ತೇನೆ. ನಮ್ಮ ಕಚೇರಿ ಚಾದರದ ಅಂಗಡಿಯ ಮಾಳಿಗೆಯ ಮೇಲಿದೆ. ಹಿಂದಿನ ಗಲ್ಲಿಯ ತುಂಬ ಮಗ್ಗಗಳು. ಮುಂಜಾನೆಯಿಂದ ಸಂಜೆಯವರೆಗೆ ಖಟಾಖಟ್, ಖಟಾಖಟ್. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿದರೆ ಊರೇ ಒಂದು ರೈಲಾಗಿ, ಯಾವ ಸ್ಟೇಷನ್ನೂ ಬೇಡವೆಂದು ಹೊರಟುಬಿಟ್ಟಂತೆ ಅನ್ನಿಸುತ್ತದೆ. ಆ ಮಗ್ಗಗಳಿಗೆ ಚಾದರದ ಹೂವು, ಬಳ್ಳಿ, ನವಿಲು ಹೇಗೆ ಮೂಡಬೇಕೆಂದು ಮೊದಲು ತೂತು ಹೊಡೆದ ರಟ್ಟುಗಳು ಹೇಳುತ್ತಿದ್ದವು. ಈಗ ಅದನ್ನು ಹೇಳುವ ಕಂಪ್ಯೂಟರ್ ಪೆಟ್ಟಿಗೆಯನ್ನು ನಾವು ಮಾಡುತ್ತಿದ್ದೇವೆ. ಪೆಟ್ಟಿಗೆಯೊಳಗೆ ಎಲ್ಲ ಪ್ರೋಗ್ರಾಮುಗಳಿಗೂ ಮನೆಯ ಹಿರಿಯನಂಥ ಒಂದು ಪ್ರೋಗ್ರಾಮ್ ಇರುತ್ತದೆ. ಅದಕ್ಕೆ ಕರ್ನೆಲ್ ಎನ್ನುತ್ತಾರೆ. ಯಾರಿಗೆ ಜಾಗ ಬೇಕಾದರೂ, ಡಿಸ್ಕಿನಲ್ಲಿರುವ ನಕ್ಷೆ ಓದಬೇಕಾದರೂ ಅದನ್ನೇ ಕೇಳಬೇಕು. ಅದು ಹೆಚ್ಚಾಗಿ "ತಗೋ" ಎನ್ನುತ್ತದೆ. ಎಂದೋ ಒಮ್ಮೆ "ಇಲ್ಲ" ಎನ್ನುತ್ತದೆ.

ಆ "ಇಲ್ಲ" ಬಂದಾಗ ಉಳಿದವರು ಏನು ಮಾಡುತ್ತಾರೆ? ಯಾರೂ ನೋಡಿಲ್ಲ, ಏಕೆಂದರೆ ನಮ್ಮ ಕಚೇರಿಯಲ್ಲಿ ಕೂತಾಗ ಅದು ಬರುವುದೇ ಇಲ್ಲ. ಬರುವುದು ಗಿರಾಕಿಯ ಮಗ್ಗದಲ್ಲಿ, ಹಬ್ಬದ ಹಿಂದಿನ ದಿನ. ಹಾಗಾಗಿ ಸುಳ್ಳು "ಇಲ್ಲ" ಹೇಳಿಸುವುದು ನನ್ನ ಕೆಲಸ. ಜಾಗವಿದ್ದರೂ ಇಲ್ಲವೆನ್ನು, ಡಿಸ್ಕ್ ಓದಿದರೂ ಓದಲಿಲ್ಲವೆನ್ನು ಎಂದು ಕರ್ನೆಲ್ಲಿನೊಳಗೆ ಸಾಲು ಬರೆಯುತ್ತೇನೆ. ಈ ಸುಳ್ಳು ಗಿರಾಕಿಯ ಮನೆಗೆ ಹೋಗಕೂಡದಲ್ಲ, ಅದಕ್ಕೆ ಆ ಸಾಲುಗಳ ಮೇಲೊಂದು ಕೆಳಗೊಂದು ಬೇಲಿಯ ಸಾಲು ಹಾಕುತ್ತೇನೆ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವುದಕ್ಕೆ ನಾವು ಕಟ್ಟುವುದು ಎನ್ನುತ್ತೇವೆ. ಪರೀಕ್ಷೆಗೆಂದು ಹೇಳಿ ಪ್ರೋಗ್ರಾಮನ್ನು ಕಟ್ಟಿದರೆ ಬೇಲಿಯೊಳಗಿನದೂ ಯಂತ್ರಕ್ಕೆ ಹೋಗುತ್ತದೆ. ಹಾಗೆ ಹೇಳದೆ ಕಟ್ಟಿದರೆ ಬೇಲಿಯೊಳಗಿನದು ಹೋಗುವುದೇ ಇಲ್ಲ. ಮಲಗಿರುವುದಿಲ್ಲ, ಅಡಗಿರುವುದೂ ಇಲ್ಲ. ನಾನು ಬರೆದದ್ದು ಕಣ್ಣೆದುರಿಗೇ ಇರುತ್ತದೆ, ಆದರೆ ಯಂತ್ರದ ಪಾಲಿಗೆ ಅದು ಹುಟ್ಟಿಯೇ ಇಲ್ಲ. ಇದನ್ನು ಯೋಚಿಸುತ್ತ ಕೂತರೆ ಎಚ್ಚರವೋ ನಿದ್ದೆಯೋ ತಿಳಿಯದಂಥ ಒಂದು ಸುಖ ಹತ್ತುತ್ತದೆ ಅವ್ವಾ.

ಮೊನ್ನೆ ಇದನ್ನೇ ಮಾಡುತ್ತ ಒಬ್ಬಳೇ ನಕ್ಕುಬಿಟ್ಟೆ. ಅಪ್ಪ ಪ್ರತಿ ತಿಂಗಳು ಎರಡನೆಯ ರವಿವಾರ ಮಾಡುವುದೂ ಇದೇ ಅಲ್ಲವೇ! ಪಡಸಾಲೆಯ ಕುರ್ಚಿಯಲ್ಲಿ ಕೂತು, "ಇವತ್ತ ನಾ ಇಲ್ಲ ಅಂತ ತಿಳೀರಿ, ನಾ ಇಲ್ದ ಮನಿ ಹೆಂಗ ನಡೀತೈತಿ ನೋಡೂಣು" ಎನ್ನುವುದು. ವಿಮಾ ಕಚೇರಿಯಲ್ಲಿ ದಿನವೂ ಗಂಡ ಸತ್ತ ಹೆಂಗಸರನ್ನು ನೋಡಿ ನೋಡಿ ಅವರಿಗೆ ಹಿಡಿದ ಹುಚ್ಚು ಅದು ಎಂದುಕೊಂಡಿದ್ದೆ. ಈಗ ನನಗೂ ಹಿಡಿದಿದೆ.

ಇನ್ನೊಂದು ಮಾತು. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಚಂದ್ರಭಾಗಾ ಅತ್ತೆ ಕಂಡಳು. ಗುರುತೇ ಹತ್ತಲಿಲ್ಲ. ತುಕಾರಾಮ ಮಾಮಾ ತೀರಿಕೊಂಡು ಆರು ತಿಂಗಳಾಯಿತಂತೆ, ನಮಗೆ ಯಾರೂ ಹೇಳಲಿಲ್ಲ. ಮಕ್ಕಳಿಲ್ಲ. ಮಂದ್ರೂಪದ ಮನೆಯಲ್ಲಿ ಈಗ ಮೈದುನನ ಮಕ್ಕಳ ದರಬಾರು. ಅತ್ತೆಯ ಕೋಣೆಯಲ್ಲಿ ಗೊಬ್ಬರದ ಚೀಲ ತುಂಬಿದ್ದಾರೆ. ಆಕೆ ಮಲಗುವುದು ಹೊರಗಿನ ಕಟ್ಟೆಯ ಮೇಲೆ. "ನಿಮ್ಮಪ್ಪಗ ಹೇಳಬ್ಯಾಡ, ನನ್ನ ಹೆಸರು ತಗೊಂಡ್ರ ಅವಗ ಸಿಟ್ಟ ಬರ್ತೈತಿ" ಎಂದಳು. ಅಪ್ಪನಿಗೆ ಹೇಳಿಲ್ಲ. ನಿನಗೆ ಹೇಳದಿರಲು ಆಗಲಿಲ್ಲ. ಒಡಹುಟ್ಟಿದ ಅಣ್ಣನ ಮನೆಯಲ್ಲಿ, ನಮ್ಮಲ್ಲಿ, ಆಕೆಗೆ ಒಂದು ಮೂಲೆ ಸಿಗಲಾರದೇ?

ನಿನ್ನ
ಶ್ರೀಲೇಖಾ


ಅಕ್ಕಲಕೋಟ,
೧೬ ಜುಲೈ ೧೯೯೬

ಚಿ. ಶ್ರೀಲೇಖಾಳಿಗೆ ಅವ್ವನ ಆಶೀರ್ವಾದ.

ಪತ್ರ ಮುಟ್ಟಿತು. ಬೇಲಿಯ ಸಂಗತಿ ಅರ್ಧ ತಿಳಿಯಿತು, ಅರ್ಧ ತಲೆಯ ಮೇಲೆ ಹಾದುಹೋಯಿತು. ಸುಳ್ಳು ಹೇಳುವುದಕ್ಕೂ ಪಗಾರ ಕೊಡುತ್ತಾರೆಂದು ಮೊದಲೇ ಗೊತ್ತಿದ್ದರೆ ನಮ್ಮ ಓಣಿಯ ಅರ್ಧ ಮಂದಿಯನ್ನು ನಿನ್ನ ಬೆನ್ನಿಗೆ ಕಳಿಸುತ್ತಿದ್ದೆ.

ಮೊನ್ನೆ ರವಿವಾರ ನಿಮ್ಮಪ್ಪ ಇರಲಿಲ್ಲ. ಎಂದಿನಂತೆ ಬಿಳಿ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಇಲ್ಲವಾದರು. ಆಚೆ ಮನೆಯ ನೀಲಗಂಗಾ ಬಂದು ಅವರ ಮುಂದೆಯೇ ನಿಂತು, "ಸಾಹೇಬ್ರು ಅದಾರೇನ್ರಿ ಬಾಯಾರ?" ಎಂದಳು. "ಇಲ್ರಿ" ಎಂದೆ. ಆಕೆಗೂ ಇದು ರೂಢಿ. "ಇಲ್ಲಂದ್ರ ನಾಳಿಗಿ ಬರ್ತೀನ್ರಿ" ಎಂದು ಕುರ್ಚಿಗೆ ಕೈ ಮುಗಿದು ಹೋದಳು. ಇಲ್ಲದವರಿಗೆ ಊಟ ಬಡಿಸುವಂತಿಲ್ಲ ಎಂಬುದು ಅವರದೇ ಕಾನೂನು. ಆದರೆ ಹಸಿದ ಮನುಷ್ಯನನ್ನು ನೋಡಿಕೊಂಡು ನನ್ನ ಗಂಟಲಲ್ಲಿ ಅನ್ನ ಇಳಿಯಬೇಕಲ್ಲ! ಕಾಗೆಗೆ ಎಂದು ಹಿತ್ತಲಲ್ಲಿ ಒಂದು ಎಲೆ ಬಡಿಸಿಟ್ಟು ಬಂದೆ. ಸ್ವಲ್ಪ ಹೊತ್ತಿನಲ್ಲಿ ಕುರ್ಚಿ ಖಾಲಿ, ಆಮೇಲೆ ಎಲೆಯೂ ಖಾಲಿ. ನಮ್ಮ ಕಾಗೆಗೆ ಮಜ್ಜಿಗೆಯೂ ಬೇಕು, ಉಪ್ಪಿನಕಾಯಿಯೂ ಬೇಕು.

ನಗುತ್ತ ಬರೆದೆ. ಚಂದ್ರಭಾಗಾಳ ಸುದ್ದಿ ಓದಿದ ಮೇಲೆ ನಗು ಬರುತ್ತಿಲ್ಲ. ನಿನಗೆ ಆಗ ತಿಳಿವಳಿಕೆ ಇರಲಿಲ್ಲ, ಅದಕ್ಕೆ ಹೇಳುತ್ತೇನೆ. ಕಣ್ಣು ಕಾಣದ ನಿಮ್ಮಜ್ಜಿ ಒಂದು ಶ್ರಾವಣದಲ್ಲಿ ಮಗಳ ಮನೆಗೆಂದು ಮಂದ್ರೂಪಕ್ಕೆ ಹೋದವರು ಅಲ್ಲೇ ಹಾಸಿಗೆ ಹಿಡಿದರು. ತಾರು ಬಂತು. ನಿಮ್ಮಪ್ಪ ಓಡಿದರು. ಸೀನಾ ನದಿ ತುಂಬಿ ಸೇತುವೆಯ ಮೇಲೆ ನೀರು. ಔಷಧಿಗೆಂದು ಸೊಲ್ಲಾಪುರಕ್ಕೆ ಬಂದಿದ್ದ ತುಕಾರಾಮರೂ ಈ ದಂಡೆಯಲ್ಲೇ ಸಿಕ್ಕಿಬಿದ್ದಿದ್ದರು. ಮಳೆಯಲ್ಲಿ ಇಬ್ಬರೂ ನದಿಯ ಆಚೆ ನೋಡುತ್ತ ನಿಂತರಂತೆ. ನೀರು ಇಳಿದು ಆಚೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮಳೆಯಲ್ಲಿ ಹೆಣ ಇಡುವಂತಿರಲಿಲ್ಲ, ಮನೆಯಲ್ಲಿ ಗಂಡಸರಿರಲಿಲ್ಲ. ಚಂದ್ರಭಾಗಾ ತಾನೇ ಕೊಳ್ಳಿ ಇಟ್ಟಿದ್ದಳು. ನಿಮ್ಮಪ್ಪ ಬೂದಿ ಮುಟ್ಟಿದಾಗ ಇನ್ನೂ ಬೆಚ್ಚಗಿತ್ತಂತೆ.

ಅಂದಿನಿಂದ ಆಕೆಯ ಹೆಸರು ಈ ಮನೆಯಲ್ಲಿ ಯಾರೂ ಎತ್ತುವ ಹಾಗಿಲ್ಲ. ನಾನು ಹೇಳಿದೆ, ಸಮಜಾಯಿಸಿದೆ, ಜಗಳಾಡಿದೆ. ಅವರದು ಒಂದೇ ಮಾತು: "ಹಡದವ್ವಗ ಒಬ್ಬನಽ ಮಗ ನಾನು. ನಾ ಇಲ್ದಾಗ ಆಕಿ ಹೆಂಗ ಮಾಡಿದ್ಲು?"

ಆಕೆ ಕಟ್ಟೆಯ ಮೇಲೆ ಮಲಗುತ್ತಾಳೆಂದು ಓದಿದಾಗಿನಿಂದ ನನಗೆ ಈ ಮನೆಯ ಹಾಸಿಗೆ ಚುಚ್ಚುತ್ತದೆ. ಏನು ಮಾಡಲಿ ಹೇಳು. ಮನೆ ಅವರದು, ಮಾತೂ ಅವರದು.

ನಿನ್ನ ಅವ್ವ,
ದ್ವಾರಕಾ


ಸೊಲ್ಲಾಪುರ,
೧ ಆಗಸ್ಟ್ ೧೯೯೬

ಅವ್ವಾ,

ಇಲ್ಲಿ ಒಂದು ನವಿಲು ನಮ್ಮ ಮಾನ ಕಳೆಯಿತು, ಕೇಳು.

ಮೊದಲ ಪೆಟ್ಟಿಗೆಯನ್ನು ಒಬ್ಬ ಗಿರಾಕಿಯ ಮಗ್ಗಕ್ಕೆ ಜೋಡಿಸಿದ್ದೆವು. ಚಾದರದ ತುಂಬ ನವಿಲಿನ ನಕ್ಷೆ. ಮಧ್ಯಾಹ್ನ ಡಿಸ್ಕ್ ಓದುವಾಗ ಒಮ್ಮೆ ನಿಜವಾಗಿಯೂ "ಇಲ್ಲ" ಬಂತು. "ಇಲ್ಲ" ಬಂದರೆ ಮಗ್ಗವನ್ನು ಮೆತ್ತಗೆ ನಿಲ್ಲಿಸಬೇಕು. ನಮ್ಮ ಪರೀಕ್ಷೆಗಳಲ್ಲಿ ಪ್ರತಿ ಸಲವೂ ನಿಂತಿತ್ತು. ಅಲ್ಲಿ ನಿಲ್ಲಲಿಲ್ಲ. ನಕ್ಷೆಯ ಮುಂದಿನ ಸಾಲು ಸಿಗದೆ ಹಿಂದಿನ ಸಾಲನ್ನೇ ಮತ್ತೆ ಮತ್ತೆ ನೇಯುತ್ತ ಹೋಯಿತು. ಮಗ್ಗ ನೋಡಿಕೊಳ್ಳುವವರು ಚಹಾ ಕುಡಿದು ಬರುವಷ್ಟರಲ್ಲಿ ನವಿಲಿನ ಕತ್ತು ಚಾದರ ದಾಟಿ, ಉರುಳಿ ನೆಲಕ್ಕಿಳಿದು, ಬಾಗಿಲ ಕಡೆ ಹೊರಟಿತ್ತು. ನೀಲಿ ಕತ್ತು, ಬರೀ ಕತ್ತು. ತಲೆ ಎಲ್ಲಿ ಬಂದೀತೆಂದು ಎಲ್ಲರೂ ಕಾಯುತ್ತ ನಿಂತ ಹಾಗಿತ್ತು. ಸುದ್ದಿ ತಿಳಿದು ಓಡಿಹೋದ ನನಗಂತೂ ಅದನ್ನು ನಿಲ್ಲಿಸಲು ಮನಸ್ಸೇ ಬರಲಿಲ್ಲ, ಅಷ್ಟು ಚೆಂದವಿತ್ತು. ಮಾಲೀಕರ ಮುಖ ನೋಡಿದ ಮೇಲೆ ನಿಲ್ಲಿಸಿದೆ.

ತಪ್ಪು ಬೇಲಿಯದು. ನನ್ನ ಜೊತೆ ಕೆಲಸ ಮಾಡುವ ಆಶಿಷ ಬೇಲಿಯನ್ನು ಅಗಲವಾಗಿ ಹಾಕಿಬಿಟ್ಟಿದ್ದ. ಸುಳ್ಳು "ಇಲ್ಲ" ಮಾತ್ರ ಬೇಲಿಯೊಳಗೆ ಇರಬೇಕಿತ್ತು. "ಇಲ್ಲ" ಬಂದಾಗ ಏನು ಮಾಡಬೇಕೆಂಬ ಸಾಲುಗಳನ್ನೂ ಅವನು ಒಳಗೇ ಸೇರಿಸಿದ್ದ. ಪರೀಕ್ಷೆಯಲ್ಲಿ ಎಲ್ಲ ಸರಿ. ಗಿರಾಕಿಗೆ ಕಟ್ಟಿಕೊಡುವಾಗ ಸುಳ್ಳಿನ ಜೊತೆ ಬುದ್ಧಿಯೂ ಉದುರಿಹೋಯಿತು. "ಬಾಳಂತಿ ನೀರಿನ ಕೂಡ ಕೂಸನ್ನೂ ಚೆಲ್ಲಿದಿ ನೋಡಪಾ" ಎಂದೆ. ಅವನು ಆ ದಿನವೆಲ್ಲ ಊಟ ಮಾಡಲಿಲ್ಲ. ಈಗ ನಾವಿಬ್ಬರೂ ಒಂದೊಂದೇ ಬೇಲಿಯನ್ನು ನೋಡುತ್ತ, ಯಾವುದು ಒಳಗೆ ಯಾವುದು ಹೊರಗೆ ಎಂದು ಮತ್ತೆ ಹಾಕುತ್ತಿದ್ದೇವೆ.

ಕಳೆದ ರವಿವಾರ ಮಂದ್ರೂಪಕ್ಕೆ ಹೋಗಿ ಬಂದೆ. ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮಳೆ ಬಂದರೆ ಏನು ಮಾಡುತ್ತೀ ಎಂದೆ. "ಗೋಡಿ ಕಡಿ ಸರೀತೀನಿ" ಎಂದಳು. ಅಷ್ಟೇ. ಹೊರಡುವಾಗ ನನ್ನ ತಲೆ ನೇವರಿಸಿ, "ನಮ್ಮಣ್ಣನಂಗ ಹಣಿ ನಿಂದು" ಎಂದಳು. ಬಸ್ಸಿನಲ್ಲಿ ಸೊಲ್ಲಾಪುರ ಬರುವ ತನಕ ಅಳುತ್ತಲೇ ಇದ್ದೆ.

ಶ್ರೀಲೇಖಾ


ಅಕ್ಕಲಕೋಟ,
೧೩ ಆಗಸ್ಟ್ ೧೯೯೬

ಚಿ. ಶ್ರೀಲೇಖಾ,

ಚಂದ್ರಭಾಗಾ ನಮ್ಮ ಮನೆಯಲ್ಲಿದ್ದಾಳೆ. ಹೇಗೆಂದು ಓದು, ಆಮೇಲೆ ನನ್ನನ್ನು ಹೊಗಳುವೆಯೋ ಬೈಯುವೆಯೋ ನಿನಗೆ ಬಿಟ್ಟದ್ದು.

ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಹೊಳೆಯಿತು. ಎರಡನೆಯ ರವಿವಾರ ಅವರು ಇರುವುದಿಲ್ಲ. ಅವರು ಇಲ್ಲದ ದಿನ ಮನೆಯ ಹಿರಿಯಳು ನಾನು. ಹಾಗೆಂದು ಕಲಿಸಿದವರು ಅವರೇ. ಕೂಡಲೇ ಮಂದ್ರೂಪಕ್ಕೆ ಒಂದು ಕಾರ್ಡು ಬರೆದೆ, ರವಿವಾರ ಮಧ್ಯಾಹ್ನದ ಬಸ್ಸಿಗೆ ಗಂಟು ಕಟ್ಟಿಕೊಂಡು ಬಾ ಎಂದು.

ಬಂದಳು. ಹೊಸ್ತಿಲ ಮೇಲೆ ನಿಂತವಳು ಕುರ್ಚಿಯಲ್ಲಿ ಅಣ್ಣನನ್ನು ಕಂಡು ಬೆಳ್ಳಗಾದಳು. "ವೈನಿ, ಅಣ್ಣ ಅದಾನಲ್ಲ!"

"ಇಲ್ಲವಾ. ಇವತ್ತ ಅವರಿಲ್ಲ. ಬಾ ಒಳಗ."

"ಕಣ್ಣಿಗಿ ಕಾಣಾಕತ್ಯಾನಲ್ಲ ವೈನಿ!"

"ಕಾಣವಲ್ಲರು. ನೀ ಬಾ."

ಆ ಹೊತ್ತು ಹೇಗಿತ್ತೆಂದು ಹೇಳಲಿ? ಹೊರಗೆ ಮೋಡದ ಬಿಸಿಲು, ಒಳಗೆ ಅರೆಗತ್ತಲು. ಇದ್ದೂ ಇಲ್ಲದ ಒಬ್ಬರು, ಇಷ್ಟು ವರ್ಷ ಇಲ್ಲದೆಯೂ ಈ ಮನೆಯಲ್ಲಿ ಇದ್ದ ಒಬ್ಬಳು. ಸೆರಗು ಹೊದ್ದು, ಗಂಟು ಎದೆಗವಚಿಕೊಂಡು ಕುರ್ಚಿಯ ಪಕ್ಕದಿಂದ ನಡೆದಳು. ದಾರಿಗೆ ಅಡ್ಡವಾಗಿದ್ದ ಕಾಲನ್ನು ನಿಮ್ಮಪ್ಪ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಇಲ್ಲದವರಿಗೆ ಕಾಲೆಲ್ಲಿಂದ ಬಂತು? ನಾನು ನೋಡಿಯೂ ನೋಡದಂತಿದ್ದೆ. ಅಂದು ಕಾಗೆಯ ಎಲೆಯನ್ನು ಯಾರೂ ಮುಟ್ಟಲಿಲ್ಲ.

ನಿನ್ನೆ ಬೆಳಿಗ್ಗೆ ಎದ್ದವರೇ ಹೇಳಿದರು, "ನಿನ್ನಿ ನಾ ಇದ್ದಿಲ್ಲ. ನಾ ಇಲ್ದಾಗ ಆದದ್ದು ಆಗಿಲ್ಲ. ಅದು ಅಭ್ಯಾಸ. ಅಭ್ಯಾಸದ ಮಾತು ಅಭ್ಯಾಸದಾಗ ಮುಗೀತು."

"ಮನುಷ್ಯಾಳು ಅಡಗಿಮನ್ಯಾಗ ಕುಂತಾಳ. ಆಕಿ ಎಲ್ಲಿ ಮುಗದಾಳ್ರಿ?" ಎಂದೆ.

"ಕಳಸು."

"ಪಂಚಮಿ ಮುಂದ ಇಟಗೊಂಡು ಮನಿಮಗಳನ್ನ ಹೊರಗ ಹಾಕಿದ್ರ ಓಣಿ ಏನಂದೀತ್ರಿ? ನಿಮ್ಮ ಸಲುವಾಗಿ ವರ್ಷಾವರ್ಷಾ ಅಣ್ಣನ ಉಪವಾಸ ಹಿಡದಾಕಿ ಆಕಿ."

ಟೋಪಿ ಹಾಕಿಕೊಂಡರು. ಬಾಗಿಲಿಗೆ ಹೋದವರು ತಿರುಗಿ ನೋಡದೆ, "ಪಂಚಮಿ ತನಕ" ಎಂದು ಹೋದರು.

ಅದಕ್ಕೇ ಕೇಳುತ್ತೇನೆ, ನಿಮ್ಮ ಯಂತ್ರದಲ್ಲಿ ಇದಕ್ಕೇನೆನ್ನುತ್ತಾರೆ? ಅವರು ಇಲ್ಲದ್ದು ಸುಳ್ಳು ಎಂದಾದರೆ ನಾನು "ಬಾ" ಎಂದದ್ದೂ ಸುಳ್ಳಾಗುತ್ತದೆಯೇ? ನನಗಂತೂ ಆ ದಿನ ಆಡಿದ ಮಾತುಗಳಲ್ಲಿ ಅದರಷ್ಟು ನಿಜವಾದದ್ದು ಬೇರೆ ಇರಲಿಲ್ಲ. ಬೇಗ ಬರೆ. ನನಗಲ್ಲ, ಅವರಿಗೇ ಬರೆ. ನನ್ನ ಮಾತು ಅವರಿಗೆ ಒಗ್ಗರಣೆಯ ಸಪ್ಪಳದ ಹಾಗೆ, ಕೇಳಿ ಕೇಳಿ ಕೇಳಿಸದಂತಾಗಿದೆ.

ನಿನ್ನ ಅವ್ವ


ಸೊಲ್ಲಾಪುರ,
೧೬ ಆಗಸ್ಟ್ ೧೯೯೬

ತೀರ್ಥರೂಪ ಅಪ್ಪನವರಿಗೆ ಶ್ರೀಲೇಖಾಳ ನಮಸ್ಕಾರ.

ನಿಮಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿರಿ.

ನನ್ನ ಕೆಲಸ ನೀವು ಮಾಡುವಂಥದ್ದೇ. ಇದ್ದದ್ದನ್ನು ಇಲ್ಲವೆಂದು ಹೇಳಿ, ಉಳಿದವರು ಹೇಗೆ ನಡೆದುಕೊಳ್ಳುತ್ತಾರೆಂದು ನೋಡುವುದು. ಆ ಸುಳ್ಳು "ಇಲ್ಲ"ದ ಸುತ್ತ ನಾವು ಬೇಲಿ ಹಾಕುತ್ತೇವೆ. ಪರೀಕ್ಷೆ ಮುಗಿದ ಮೇಲೆ ಬೇಲಿಯೊಳಗಿನದು ಬಿದ್ದುಹೋಗುತ್ತದೆ. ಆದರೆ ಬೇಲಿಯೊಳಗೆ ಇರಬೇಕಾದದ್ದು ಸುಳ್ಳು ಒಂದೇ. "ಇಲ್ಲ" ಎಂದಾಗ ಮಾಡುವ ಕೆಲಸ ಯಾವಾಗಲೂ ಬೇಲಿಯ ಹೊರಗಿರಬೇಕು. ಪರೀಕ್ಷೆಯ ದಿನ ಯಾವ ಸಾಲು ಕೆಲಸ ಮಾಡಿತೋ ನಿಜದ ದಿನವೂ ಅದೇ ಸಾಲು ಕೆಲಸ ಮಾಡಬೇಕು. ಇಲ್ಲದಿದ್ದರೆ ನೋಡಿದ್ದು ಪರೀಕ್ಷೆಯಲ್ಲ, ನಾಟಕ. ಇದನ್ನು ತಪ್ಪಿ ನಾವು ಹೋದ ತಿಂಗಳು ಒಂದು ಚಾದರ ಕೆಡಿಸಿದ್ದೇವೆ.

ರವಿವಾರ ನೀವು ಇಲ್ಲ ಎಂದದ್ದು ಬೇಲಿಯೊಳಗಿನದು. ಸೋಮವಾರ ನೀವು ಬಂದಿರಿ, ಅದು ಬಿದ್ದುಹೋಯಿತು. ಅವ್ವ ಅತ್ತೆಯನ್ನು ಒಳಗೆ ಕರೆದದ್ದು ಬೇಲಿಯ ಹೊರಗಿನದು. ನೀವು ನಿಜವಾಗಿಯೂ ಇಲ್ಲದ ದಿನ ಅವ್ವ ಮಾಡುವುದೂ ಅದನ್ನೇ. ನಿಮಗೆ ನೋಡಬೇಕಿದ್ದದ್ದು ಅದೇ ಅಲ್ಲವೇ ಅಪ್ಪಾ? ನೋಡಿದಿರಿ. ಇನ್ನು ಅದನ್ನು ಆಗಿಲ್ಲ ಎನ್ನಬೇಡಿರಿ.

ಹೆಚ್ಚು ಮಾತಾಡಿದ್ದರೆ ಕ್ಷಮಿಸಿರಿ. ಅತ್ತೆಗೆ ಹೋಗಲು ಬೇರೆ ಮನೆಯಿಲ್ಲ.

ನಿಮ್ಮ ಮಗಳು,
ಶ್ರೀಲೇಖಾ


ಅಕ್ಕಲಕೋಟ,
೨೯ ಆಗಸ್ಟ್ ೧೯೯೬

ಚಿ. ಶ್ರೀಲೇಖಾ,

ನಿನ್ನ ಪತ್ರವನ್ನು ಅವರು ನಿಂತೇ ಓದಿದರು. ಆಮೇಲೆ ಕೂತು ಓದಿದರು. "ಮಗಳಿಗಿ ಸಾಲಿ ಜಾಸ್ತಿ ಕಲಿಸಿದ್ವಿ" ಎಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಹರಿಯಲಿಲ್ಲ, ಅದೇ ಪುಣ್ಯ.

ಪಂಚಮಿಯ ದಿನ ಚಂದ್ರಭಾಗಾ ನಾಗಪ್ಪನಿಗೆ ಹಾಲೆರೆದು ಅಣ್ಣನ ಮುಂದೆ ಉಂಡಿ ಇಟ್ಟಳು. ನಿಮ್ಮಪ್ಪ ಟೋಪಿ ಹಾಕಿಕೊಂಡು ಇಲ್ಲವಾದರು. ಎರಡನೆಯ ರವಿವಾರವಲ್ಲ, ಏನಲ್ಲ! ಮರುದಿನವೂ ಇಲ್ಲ. ಅಂದಿನಿಂದ ಹೀಗೇ ನಡೆದಿದೆ. ಕಚೇರಿಗೆ ಹೋಗುತ್ತಾರೆ, ಬರುತ್ತಾರೆ, ಬಡಿಸಿದ್ದನ್ನು ಉಣ್ಣುತ್ತಾರೆ, ಕುರ್ಚಿಯಲ್ಲಿ ಕೂತು ಇಲ್ಲವಾಗುತ್ತಾರೆ. ನನಗೆ ಅವರ ಕಳ್ಳಾಟ ತಿಳಿಯದೇ? ಇದ್ದರೆ ತಂಗಿಗೆ ಹೋಗು ಎನ್ನಬೇಕು, ಇಲ್ಲವೇ ಇರು ಎನ್ನಬೇಕು. ಎರಡೂ ಬಾಯಿಗೆ ಬರುತ್ತಿಲ್ಲ. ಅದಕ್ಕೆ ಇಲ್ಲದಿರುವುದೇ ಸಸಾರ. ಪಂಚಮಿ ಮುಗಿದು ಎಷ್ಟೋ ದಿನವಾದರೂ ಹೋಗು ಎಂಬ ಮಾತು ಬಂದಿಲ್ಲ ನೋಡು.

ಸಂಜೆ ದೀಪ ಹಚ್ಚಿದ ಮೇಲೆ ಚಂದ್ರಭಾಗಾ ಕುರ್ಚಿಯ ಎದುರು ಗೋಡೆಗೊರಗಿ ಕೂಡುತ್ತಾಳೆ. ಮೊದಮೊದಲು ಸುಮ್ಮನೆ ಕೂಡುತ್ತಿದ್ದಳು. ಈಗ ಮಾತಾಡುತ್ತಾಳೆ. ಇಲ್ಲದವರೊಡನೆ ಮಾತಾಡಲು ಅಂಜಿಕೆ ಇಲ್ಲವಲ್ಲ! ಸಣ್ಣವರಿದ್ದಾಗಿನ ಮಾತು, ಅಣ್ಣ ಹೆಗಲ ಮೇಲೆ ಹೊತ್ತು ಹನ್ನೂರಿನ ಸಂತೆಗೆ ಒಯ್ದದ್ದು. ನಿನ್ನೆ ಆ ದಿನದ ಮಾತೂ ಬಂತು. "ನೀರು ಇಳದಾವೇನಂತ ತಾಸತಾಸಿಗಿ ಮಂದಿ ಕಳಸ್ತಿದ್ದೆ ಅಣ್ಣಾ. ಎಲ್ಲಾರೂ ಇಲ್ಲ ಅಂತನಽ ಬರ್ತಿದ್ರು. ಕಟಿಗಿ ಹಸಿ ಇದ್ದುವು. ನನ್ನ ಕೈಲೆ ಆಗೂದಿಲ್ಲ ಅಂದ್ರ ಊರವರು ಮತ್ತ ಯಾರ ಕೈ ಅಂದ್ರು." ಕುರ್ಚಿಯಲ್ಲಿದ್ದವರು ಕಣ್ಣು ಮುಚ್ಚಿಕೊಂಡಿದ್ದರು. ಹಿತ್ತಲ ಬೇವಿನ ಮರದಲ್ಲಿ ಪಂಚಮಿಯ ಜೋಕಾಲಿ ಇನ್ನೂ ಬಿಚ್ಚಿಲ್ಲ. ಗಾಳಿಗೆ ತಾನೇ ತೂಗುತ್ತಿತ್ತು. ಆ ಸಪ್ಪಳ ಕೇಳುತ್ತ ನಾವು ಮೂವರೂ ಬಹಳ ಹೊತ್ತು ಕೂತಿದ್ದೆವು. ಯಾವ ಕಾಲದಲ್ಲಿ ಕೂತಿದ್ದೇವೆಂದು ನನಗೆ ತಿಳಿಯಲಿಲ್ಲ.

ಆದರೆ ಇಂದು ಆಕೆ ಹೇಳಿದಳು, "ವೈನಿ, ಯಾರೂ ಹೋಗಂದಿಲ್ಲ, ಖರೆ. ಅಣ್ಣ ಇರಂತನೂ ಅಂದಿಲ್ಲ. ಹಿಂಗ ಎಷ್ಟ ದಿನ ಇರಾಕ ಬರ್ತೈತಿ? ಬರೂ ಎರಡನೇ ರವಿವಾರ ತನಕ ನೋಡ್ತೀನಿ. ಆಮ್ಯಾಲ ನನ್ನ ಕಟ್ಟಿ ನನಗ." ನನ್ನ "ಇರು" ಆಕೆಗೆ ಸಾಲದು. ಅಣ್ಣನ ಬಾಯಿಂದ ಬರಬೇಕು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟಕ್ಕೇನು ಕಡಿಮೆ? ನಡುವೆ ನಾನು ಹೊರಗೆ ಗದರುತ್ತ, ಒಳಗೆ ದೇವರಿಗೆ ಕೈ ಮುಗಿಯುತ್ತ ಇದ್ದೇನೆ.

ಅವ್ವ


ಅಕ್ಕಲಕೋಟ,
೯ ಸೆಪ್ಟೆಂಬರ್ ೧೯೯೬

ಚಿ. ಸೌ. ಶ್ರೀಲೇಖಾಳಿಗೆ ಆಶೀರ್ವಾದಗಳು.

ನಿನ್ನ ೧೬ ಆಗಸ್ಟ್‌ನ ಪತ್ರ ತಲುಪಿದೆ. ಉತ್ತರ ತಡವಾದದ್ದಕ್ಕೆ ಕಾರಣ, ನಾನು ಇರಲಿಲ್ಲ.

ಮದುವೆಯಾಗದ ಮಗಳಿಗೆ ಸೌಭಾಗ್ಯವತಿ ಎಂದು ಬರೆದಿದ್ದೇನೆ. ಕಚೇರಿಯ ರೂಢಿಯಿಂದ ಕೈ ತಾನಾಗಿ ಬರೆಯಿತು. ಹೊಡೆದು ಹಾಕುವುದಿಲ್ಲ, ಮುಂದೆ ಎಂದಾದರೂ ಸರಿಹೋದೀತು.

ನಿನ್ನೆ ಎರಡನೆಯ ರವಿವಾರ. ಪದ್ಧತಿಯಂತೆ ಕುರ್ಚಿಯಲ್ಲಿ ಕೂತೆ. ಊಟದ ಹೊತ್ತಿಗೆ ಚಂದ್ರಾ ಗಂಟು ಕಟ್ಟಿಕೊಂಡು ಬಂದು ಎದುರಿಗೆ ನಿಂತಳು. ನಿನ್ನ ಅವ್ವ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆಗಳ ಸಪ್ಪಳ ಮಾಡುತ್ತಿದ್ದಳು. ಚಂದ್ರಾ ನನ್ನ ಕಾಲು ಮುಟ್ಟಿ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಅಣ್ಣಾ, ನೀ ಇಲ್ದ ದಿನ ಅಂತ ಹೇಳಿ ಹೋಗ್ತೀನಿ. ನೀ ಇದ್ರ ನನಗ ಧೈರ್ಯ ಸಾಲೂದಿಲ್ಲ. ಕೊಳ್ಳಿ ಇಟ್ಟದ್ದು ಎಲ್ಲಾರಿಗೂ ಗೊತ್ತೈತಿ. ಒಂದು ಯಾರಿಗೂ ಗೊತ್ತಿಲ್ಲ. ಕಡೀಕ ಅವ್ವ ಒಂದಽ ಸವನ ಕೇಳಾಕತ್ತಿದ್ಲು, ಪಂಢರಿ ಬಂದನೇನ, ಪಂಢರಿ ಬಂದನೇನ ಅಂತ. ಇಲ್ಲ ಅಂತ ಹೆಂಗ ಅನ್ನಲಿ? ಬಂದಾನ ಅಂದೆ. ಕಣ್ಣ ಕಾಣ್ತಿದ್ದಿಲ್ಲ. ಕೈ ಚಾಚಿದ್ಲು. ನನ್ನ ಕೈ ಕೊಟ್ಟೆ. ಪಂಢರೀ ಅಂದ್ಲು. ದನಿ ದಪ್ಪ ಮಾಡಿ ಊಂ ಅಂದೆ. ನಿನ್ನ ಕೈ ಹಿಡಕೊಂಡಽ ಹೋದ್ಲು ಅಣ್ಣಾ. ಸಾಯಾಕಿಗಿ ಸುಳ್ಳ ಹೇಳಿದೆ ಅಂತ ಬೈತಿ ಅಂತ ಇಷ್ಟ ದಿನ ಹೇಳಿದ್ದಿಲ್ಲ."

ಇಷ್ಟು ಹೇಳಿ ಬಾಗಿಲ ಕಡೆ ನಡೆದಳು.

ವಿಮಾ ಕಚೇರಿಯಲ್ಲಿ ಕೂತು ನಾನು ಜನರನ್ನು ಬೈಯುತ್ತ ಬಂದೆ, ಮನೆಯ ಮನುಷ್ಯ ಇಲ್ಲವಾದರೆ ಇವರಿಗೆ ಏನೂ ತಿಳಿಯುವುದಿಲ್ಲ ಎಂದು. ನಿನ್ನ ಅವ್ವನಿಗೂ ಅದನ್ನೇ ಕಲಿಸಹೊರಟೆ. ನಾನು ನಿಜವಾಗಿ ಇಲ್ಲದ ಆ ಒಂದು ದಿನ, ಮಾಡಬೇಕಾದದ್ದನ್ನೆಲ್ಲ ಒಬ್ಬಳು ಮಾಡಿದ್ದಳು. ಮಾಡಬೇಕಾದದ್ದಕ್ಕಿಂತ ಹೆಚ್ಚು ಮಾಡಿದ್ದಳು. ಆಕೆಯ ಹೆಸರನ್ನೇ ನಾನು ಈ ಮನೆಯಲ್ಲಿ ಎತ್ತಗೊಡಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

"ಚಂದ್ರಾ, ಕುಂಡ್ರು" ಎಂದೆ.

ಆಕೆ ಹೊಸ್ತಿಲಲ್ಲೇ ನಿಂತಳು. "ಇವತ್ತ ನೀ ಇಲ್ಲಲ್ಲ ಅಣ್ಣಾ?"

"ಅದೀನಿ. ನೀನೂ ಇಲ್ಲೇ ಇರು."

ಅಡುಗೆಮನೆಯ ಸಪ್ಪಳ ನಿಂತಿತು. ಚಂದ್ರಾ ಗಂಟು ಕೆಳಗಿಟ್ಟು ಕುರ್ಚಿಯ ಹತ್ತಿರ ನೆಲಕ್ಕೆ ಕೂತಳು. ನಾನು ಕೇಳಿದೆ, "ಅವ್ವ ಯಾವ ಕೈ ಹಿಡದಿದ್ಲು?"

ಬಲಗೈ ಚಾಚಿದಳು. ನಾನು ಕುರ್ಚಿಯಿಂದ ಇಳಿದು ಪಕ್ಕದಲ್ಲಿ ಕೂತು ಅದನ್ನು ಹಿಡಿದುಕೊಂಡೆ. ನಿನ್ನ ಅವ್ವ ಎರಡು ಸಲ ಊಟಕ್ಕೆ ಕರೆದಳು. ಬಿಡಲು ಆಗಲಿಲ್ಲ.

ನಿನ್ನ ಅಪ್ಪ,
ಪಂಢರಿನಾಥ